ಅಂಗಡಿ ಎದುರಿಗೇ ದೊಡ್ಡ ಕಂಪನಿ ಬರ್ತಿದೆ, ಸನ್ ತ್ಸು ಹೇಳಿದ ಯುದ್ಧನೀತಿ ನಮ್ಮಂಥವರ ವ್ಯಾಪಾರಕ್ಕೆ ಆಗುತ್ತಾ?

ಪುಡಿ ಅಂಗಡಿ ಚಿಕ್ಕಮಗಳೂರು:
ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕಮಗಳೂರಲ್ಲಿ ಕಾಫಿಪುಡಿ ಅಂಗಡಿ, ಅಪ್ಪನ ಕಾಲದ್ದು. ಹಿಂದುಗಡೆನೇ ಬೀಜ ಹುರಿಯೋ ಮಷಿನ್ ಇದೆ, ಗಿರಾಕಿ ಎದುರಿಗೇ ಪುಡಿ ಮಾಡಿ ಕೊಡ್ತೀವಿ. ಅರ್ಧ ಪೀಬೆರಿ ಅರ್ಧ ಪ್ಲಾಂಟೇಶನ್ ಎ (ಎರಡೂ ಕಾಫಿಬೀಜದ ದರ್ಜೆ) ಅನ್ನೋರು, ಸ್ವಲ್ಪ ರೋಬಸ್ಟಾ ಸೇರಿಸಿ ಡಿಕಾಕ್ಷನ್ ಗಟ್ಟಿ ಬರ್ಲಿ ಅನ್ನೋರು, ಚಿಕೋರಿ (ಕಾಫಿಗೆ ಬೆರೆಸೋ ಬೇರಿನ ಪುಡಿ) ಮುಟ್ಟಿಸ್ಲೇಬೇಡಿ ಅನ್ನೋರು, ಒಬ್ಬೊಬ್ಬರದು ಒಂದೊಂದು ಅಳತೆ. ಈಗ ಎದುರು ಸಾಲಲ್ಲೇ ಹೊರಗಿನ ದೊಡ್ಡ ಕಂಪನಿಯೊಂದರ ಔಟ್‌ಲೆಟ್ ರೆಡಿ ಆಗ್ತಿದೆ, ಕೆಜಿಗೆ ನಮಗಿಂತ ನೂರು ರೂಪಾಯಿ ಕಮ್ಮಿಗೆ ಕೊಡ್ತಾರಂತೆ ಅಂತ ಸುದ್ದಿ. ಬೀಜದ ರೇಟು ಈ ಪಾಟಿ ಇರುವಾಗ ಆ ರೇಟಿಗೆ ಕೊಟ್ರೆ ಅವರಿಗೆ ಏನೂ ಉಳಿಯಲ್ಲ ಅಂತ ನನಗೆ ಗೊತ್ತು, ಆದ್ರೂ ಅವರು ತಡೀತಾರೆ, ನಾನು ತಡೀಬೇಕಲ್ಲ.

ತಂಗಿ ಮಗ ಎಂಬಿಎ ಓದ್ತಿದ್ದಾನೆ, ಅವನು ಹಳೇ ಕಾಲದ ಚೀನಾದ ಸನ್ ತ್ಸು ಬರೆದ ಯುದ್ಧನೀತಿ ಓದಿ ಮಾವ ಅಂದ. ಓದಿದೆ, ಚಿಕ್ಕ ಪುಸ್ತಕ, ಹದಿಮೂರೇ ಅಧ್ಯಾಯ, ವಿಡಿಯೋಗಳನ್ನೂ ನೋಡಿದೆ. ಆದ್ರೆ ಮೊದಲನೇ ಅಧ್ಯಾಯದಲ್ಲೇ ಯುದ್ಧ ಅಂದ್ರೆ ವಂಚನೆಯ ದಾರಿ ಅಂತಾನೆ, ಸಮರ್ಥನಾಗಿದ್ರೆ ಅಸಮರ್ಥನ ಥರ ತೋರಿಸ್ಕೋ, ಹತ್ತಿರ ಇದ್ರೆ ದೂರ ಇದ್ದ ಹಾಗೆ ಕಾಣಿಸು ಅಂತಾನೆ. ನಮ್ಮ ವ್ಯಾಪಾರ ನಡೀತಿರೋದೇ ನಂಬಿಕೆ ಮೇಲೆ, ಮಕ್ಕಳ ಕೈಲಿ ದುಡ್ಡು ಕೊಟ್ಟು ಕಳಿಸ್ತಾರೆ, ಅಂಥಾ ಕಡೆ ಇದು ಹೇಗೆ ಹೊಂದುತ್ತೆ? ಮತ್ತೆ ನನ್ನ ತಲೇಲಿರೋ ಪ್ಲಾನ್ ಏನಪ್ಪಾ ಅಂದ್ರೆ ಮನೇಲಿರೋ ಚಿನ್ನ ಅಡ ಇಟ್ಟು ಆರು ತಿಂಗಳು ನಾನೂ ರೇಟ್ ಇಳಿಸಿ ಎದುರು ನಿಂತುಬಿಡೋದು. ಓದಿದೋರು, ವ್ಯಾಪಾರ ಮಾಡ್ತಿರೋರು ಇಬ್ರೂ ಹೇಳಿ ದಯವಿಟ್ಟು.

ಹಾಸನ ಮಂಡಿ:
ಅಣ್ಣ, ಚಿನ್ನಕ್ಕೆ ಮಾತ್ರ ಕೈ ಹಾಕ್ಬೇಡಿ, ಮಿಕ್ಕಿದ್ದು ಆಮೇಲೆ. ನೀವು ಮೊದಲನೇ ಅಧ್ಯಾಯದ ಆ ಒಂದು ಸಾಲಲ್ಲೇ ನಿಂತುಬಿಟ್ಟಿದೀರ, ಎರಡನೇ ಅಧ್ಯಾಯ ಇನ್ನೊಂದ್ಸಲ ತೆಗೀರಿ, ಅದು ಪೂರ್ತಿ ಖರ್ಚಿನ ಲೆಕ್ಕ ಕಣಣ್ಣ. ಒಂದು ಲಕ್ಷ ಜನರ ಸೈನ್ಯ ಎಬ್ಬಿಸಿದ್ರೆ ದಿನಕ್ಕೆ ಸಾವಿರ ಹೊನ್ನು ಬೇಕು, ರಥ ರಿಪೇರಿಯಿಂದ ಹಿಡಿದು ಅಂಟು ಬಣ್ಣದ ತನಕ ಬರೆದವ್ನೆ, ಬಹಳ ದಿನ ಎಳೆದ ಯುದ್ಧದಿಂದ ಉದ್ಧಾರ ಆದ ರಾಜ್ಯ ಇಲ್ಲ ಅಂತ ಕಡ್ಡಿ ಮುರಿದಂಗೆ ಹೇಳವ್ನೆ. ಅದು ಬಿಟ್ಟು ಮೂರನೇ ಅಧ್ಯಾಯಕ್ಕೆ ಬನ್ನಿ. ಎಲ್ಲಕ್ಕಿಂತ ಮೇಲು ಎದುರಾಳಿಯ ಉಪಾಯವನ್ನೇ ಮುರಿಯೋದು, ಆಮೇಲೆ ಅವನ ಸ್ನೇಹಸಂಬಂಧ ಒಡೆಯೋದು, ಆಮೇಲೆ ಸೈನ್ಯದ ಜೊತೆ ಕಾದಾಡೋದು, ಎಲ್ಲಕ್ಕಿಂತ ಕೀಳು ಕೋಟೆಗೆ ಮುತ್ತಿಗೆ ಹಾಕೋದು. ಮುತ್ತಿಗೆ ಸಾಮಾನು ರೆಡಿ ಮಾಡಕ್ಕೇ ಮೂರು ತಿಂಗಳು, ಮಣ್ಣು ಪೇರಿಸಕ್ಕೆ ಇನ್ನೂ ಮೂರು ತಿಂಗಳು, ಅಷ್ಟೊತ್ತಿಗೆ ಸೇನಾಪತಿಗೆ ತಾಳ್ಮೆ ಕೆಟ್ಟು ಸೈನಿಕರನ್ನ ಇರುವೆ ಹತ್ತಿಸಿದಂಗೆ ಗೋಡೆ ಹತ್ತಿಸ್ತಾನೆ, ಮೂರರಲ್ಲಿ ಒಂದು ಪಾಲು ಜನ ಸಾಯ್ತಾರೆ, ಕೋಟೆ ಹಂಗೇ ಇರ್ತದೆ. ನೀವು ಹೇಳ್ತಿರೋ ಆರು ತಿಂಗಳ ರೇಟ್ ಯುದ್ಧ ಇದೇ ತಾನೆ? ಅವರ ಗೋಡೆ ಅವರ ಬ್ಯಾಂಕ್ ಬ್ಯಾಲೆನ್ಸು, ನೀವು ಹತ್ತಿಸ್ತಿರೋದು ನಿಮ್ಮ ಮನೆಯವರ ಬಳೆ ಸರ.

ನಮ್ಮಲ್ಲಿ ನೋಡಿದ್ದು ಒಂದು ಹೇಳ್ತೀನಿ. ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ಜಲಂಧರ್ ಕಡೆಯಿಂದ ಲೋಡ್ ಬರ್ತದೆ, ಮೇ ಜೂನ್ ಮಳೆ ನೋಡ್ಕಂಡು ರೈತರು ಎತ್ತುತಾರೆ. ಒಂದು ವರ್ಷ ಇಬ್ಬರು ವ್ಯಾಪಾರಿಗಳು ಜಿದ್ದಿಗೆ ಬಿದ್ದು ಒಬ್ಬ ಚೀಲಕ್ಕೆ ಐವತ್ತು ಇಳಿಸಿದ್ರೆ ಇನ್ನೊಬ್ಬ ನೂರು ಇಳಿಸೋನು, ಅದೂ ಸಾಲದು ಅಂತ ಪೂರ್ತಿ ಉದ್ರಿ ಕೊಟ್ರು, ಫಸಲು ಬಂದ ಮೇಲೆ ಕೊಡಿ ಅಂತ. ಆ ಸಲ ಮೋಡ ಹಿಡಿದು ಅಂಗಮಾರಿ ಬಂತು, ಗಿಡ ಕರಗೋಯ್ತು. ರೈತರ ಹತ್ರ ಕೇಳಂಗಿಲ್ಲ, ಲೋಡ್ ಕಳಿಸ್ದೋರು ಬಿಡಂಗಿಲ್ಲ. ಇಬ್ರೂ ಎದ್ದೇಳಕ್ಕೆ ಬಹಳ ಕಾಲ ಹಿಡೀತು, ಅವರ ಗಿರಾಕಿ ಎಲ್ಲಾ ಮೂರನೆಯವರ ಮಂಡಿಗೆ ಹೋದ್ರು. ಎರಡನೇ ಅಧ್ಯಾಯದಲ್ಲೇ ಇದೂ ಐತೆ, ನಿನ್ನ ಆಯುಧ ಮೊಂಡಾಗಿ ಖಜಾನೆ ಬರಿದಾದಾಗ ಪಕ್ಕದ ರಾಜರು ಎದ್ದು ಬರ್ತಾರೆ, ಆಗ ಎಂಥಾ ಬುದ್ಧಿವಂತನಿಂದಲೂ ಏನೂ ಮಾಡಕ್ಕಾಗಲ್ಲ ಅಂತ. ಆದ್ದರಿಂದ ಮೊದಲು ನಿಮ್ಮ ಕೈಲಿ ಎಷ್ಟು ತಿಂಗಳ ಬಾಡಿಗೆ, ಕರೆಂಟು, ಸಂಬಳಕ್ಕೆ ದುಡ್ಡೈತೆ ಅಂತ ಬರೀರಿ.

ಇತಿಹಾಸ ಮೇಷ್ಟ್ರು ಹಾಸನ:
ಮಂಡಿಯವರು ಹೇಳಿದ್ದಕ್ಕೆ ನನ್ನ ಪೂರ್ತಿ ಸಹಮತ ಇದೆ. ವಂಚನೆ ವಿಷಯಕ್ಕೆ ಸ್ವಲ್ಪ ಹೇಳ್ತೀನಿ. ವಿಡಿಯೋಗಳಲ್ಲಿ ಎರಡು ಬೇರೆ ಬೇರೆ ಗ್ರಂಥ ಕಲಸಿ ಹೇಳ್ತಾರೆ. ಮೂವತ್ತಾರು ತಂತ್ರಗಳು ಅಂತ ಇನ್ನೊಂದು ಇದೆ, ಎರವಲು ಕತ್ತಿಯಿಂದ ಕೊಲ್ಲು, ಉರಿಯೋ ಮನೆ ದೋಚು, ನಗುವಿನ ಹಿಂದೆ ಚೂರಿ ಇಟ್ಕೋ, ಇವೆಲ್ಲ ಅಲ್ಲಿಯವು. ಅದು ಎಷ್ಟೋ ಶತಮಾನ ಆದಮೇಲೆ ಒಟ್ಟಾದದ್ದು, ಸನ್ ತ್ಸು ಬರೆದದ್ದಲ್ಲ. ಸನ್ ತ್ಸು ಗ್ರಂಥದಲ್ಲಿ ಯುದ್ಧಕ್ಕೆ ಮುಂಚೆ ಐದು ವಿಷಯ ತೂಗಿ ನೋಡು ಅಂತಾನೆ, ಅದರಲ್ಲಿ ಮೊಟ್ಟಮೊದಲನೇದು ಪ್ರಜೆಗಳೂ ದೊರೆಯೂ ಒಂದೇ ಮನಸ್ಸಲ್ಲಿ ಇದ್ದಾರಾ ಅನ್ನೋದು. ಕಾಲ, ನೆಲ, ಸೇನಾಪತಿ, ಶಿಸ್ತು ಇವು ಆಮೇಲೆ. ಹತ್ತನೇ ಅಧ್ಯಾಯದಲ್ಲಿ ಸೈನಿಕರನ್ನ ಸ್ವಂತ ಮಕ್ಕಳ ಹಾಗೆ ನೋಡಿಕೋ ಅಂತಾನೆ. ಹನ್ನೊಂದರಲ್ಲಿ ಸೇನಾಪತಿ ತನ್ನ ಯೋಜನೆ ಸೈನಿಕರಿಗೂ ಗೊತ್ತಾಗದ ಹಾಗೆ ಇಟ್ಕೋಬೇಕು ಅಂತಾನೆ ನಿಜ, ಆದ್ರೆ ಮೊದಲನೇ ಅಧ್ಯಾಯದ ಆ ವಂಚನೆಯ ಮಾತು ಎದುರಾಳಿ ವಿಷಯದಲ್ಲಿ ಹೇಳಿದ್ದು. ನಿಮ್ಮ ಗಿರಾಕಿ ಯಾರು? ಅವರು ನಿಮ್ಮ ಕಡೆಯ ಜನ. ಅವರಿಗೆ ಮೋಸ ಮಾಡೋಕೆ ಆ ಮಾತು ಆಧಾರ ಆಗಲ್ಲ. ಮುಂದಿನ ತಿಂಗಳು ಯಾವ ತೋಟದ ಬೀಜ ತರ್ತೀರಿ, ಯಾವ ಹೋಟೆಲ್ ಜೊತೆ ಮಾತಾಡ್ತಿದೀರಿ ಅನ್ನೋದನ್ನ ಎದುರು ಅಂಗಡಿಯವರಿಗೆ ಹೇಳಬೇಕಾಗಿಲ್ಲ, ಅಷ್ಟೇ.

ನಿಮಗೆ ಹೊಂದುವಂಥ ಪ್ರಸಂಗ ಒಂದಿದೆ, ಚೀನಾದ್ದೇ, ಕ್ರಿ.ಪೂ. 353ರದ್ದು. ವೇ ರಾಜ್ಯದ ಸೈನ್ಯ ಝಾವ್ ರಾಜ್ಯದ ರಾಜಧಾನಿ ಹಂದಾನ್‌ಗೆ ಮುತ್ತಿಗೆ ಹಾಕಿತ್ತು, ಝಾವ್‌ನವರು ಛೀ ರಾಜ್ಯದ ಸಹಾಯ ಕೇಳಿದ್ರು. ಛೀ ಸೇನಾಪತಿ ತಿಯನ್ ಜಿಗೆ ನೇರ ಹಂದಾನ್‌ಗೇ ಹೋಗಿ ಹೊಡೆಯೋ ಆಸೆ. ಅವನ ಸಲಹೆಗಾರ ಸುನ್ ಬಿನ್ ಬೇಡ ಅಂದ. ಅವರ ಒಳ್ಳೆ ಪಡೆ ಎಲ್ಲಾ ಹಂದಾನ್ ಹತ್ರ ಇದೆ, ಊರಲ್ಲಿ ಉಳಿದಿರೋದು ವಯಸ್ಸಾದೋರು, ಬಲ ಇಲ್ಲದೋರು, ಹಾಗಾಗಿ ನಾವು ವೇ ರಾಜಧಾನಿ ದಾಲಿಯಾಂಗ್ ಕಡೆ ನಡೆಯೋಣ ಅಂದ. ವೇ ಸೈನ್ಯ ಗಾಬರಿಯಾಗಿ ಮುತ್ತಿಗೆ ಬಿಟ್ಟು ವಾಪಸ್ ಓಡಿ ಬಂತು, ದಾರೀಲಿ ಗುಯ್‌ಲಿಂಗ್ ಹತ್ರ ದಣಿದ ಸೈನ್ಯವನ್ನ ಇವರು ಸೋಲಿಸಿದ್ರು. ಈ ಸುನ್ ಬಿನ್ ಸನ್ ತ್ಸು ವಂಶದವನು ಅಂತ ಪ್ರತೀತಿ. ಇಬ್ಬರೂ ಒಬ್ಬನೇ ಇರಬೇಕು ಅಂತ ಪಂಡಿತರು ತುಂಬಾ ಕಾಲ ವಾದ ಮಾಡ್ತಿದ್ರು, 1972ರಲ್ಲಿ ಶಾಂಡೊಂಗ್ ಪ್ರಾಂತ್ಯದ ಯಿನ್‌ಛುವೆಶಾನ್ ಗೋರಿಗಳಲ್ಲಿ ಬಿದಿರಿನ ಪಟ್ಟಿಗಳ ಮೇಲೆ ಬರೆದ ಎರಡೂ ಗ್ರಂಥ ಬೇರೆ ಬೇರೆಯಾಗೇ ಸಿಕ್ಕಿದ್ವು. ನಮ್ಮ ಮೈಸೂರಲ್ಲೂ ಹೀಗೇ ಕಾಣೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯಲ್ಲಿ ಬಂತು, 1909ರಲ್ಲಿ ಅಚ್ಚಾಯ್ತು, ಈ ವಿಷಯ ಬಂದಾಗೆಲ್ಲ ನನಗೆ ಅದು ನೆನಪಾಗಿ ಖುಷಿಯಾಗುತ್ತೆ.

ವಿಷಯಕ್ಕೆ ಬರ್ತೀನಿ. ಅವರ ಒಳ್ಳೆ ಪಡೆ ಇರೋದು ರೇಟಲ್ಲಿ, ಅಲ್ಲಿಗೆ ನೀವು ಹೋಗಬೇಡಿ. ಅವರಿಗೆ ಕೈಲಾಗದ್ದು ಯಾವುದು? ಫ್ಯಾಕ್ಟರೀಲಿ ಪ್ಯಾಕ್ ಆಗಿ ಬರೋ ಪುಡಿಯನ್ನ ಒಬ್ಬೊಬ್ಬರ ಅಳತೆಗೆ ಬದಲಾಯಿಸೋಕೆ ಆಗಲ್ಲ, ಬೆಳಿಗ್ಗೆ ಹುರಿದದ್ದನ್ನ ಮಧ್ಯಾಹ್ನ ಕೊಡೋಕೆ ಆಗಲ್ಲ.

ಗಿರಿ ಹೋಂಸ್ಟೇ:
ನಾನು ಮುಳ್ಳಯ್ಯನಗಿರಿ ರಸ್ತೆ ಕಡೆ ಹೋಂಸ್ಟೇ ನಡೆಸ್ತೀನಿ. ಮೇಷ್ಟ್ರೇ, ನೀವು ಹೇಳಿದ್ದು ಚೆನ್ನಾಗಿದೆ, ಆದ್ರೆ ನನಗೆ ಈ ಪುಸ್ತಕದ ಬುಡದಲ್ಲೇ ಒಂದು ತಕರಾರಿದೆ. ಅಲ್ಲಿ ಎದುರಾಳಿ ಸೋತು ಹೋಗ್ತಾನೆ, ಕಥೆ ಮುಗಿಯುತ್ತೆ. ನಮ್ಮ ಊರಲ್ಲಿ ಯಾರೂ ಎಲ್ಲಿಗೂ ಹೋಗಲ್ಲ ಮಾರಾಯ್ರೆ, ನಾಳೆ ಅವರ ಮನೆ ಮದುವೆಗೆ ನಾವು ಹೋಗಬೇಕು, ನಮ್ಮ ಮನೆ ದೇವರ ಕೆಲಸಕ್ಕೆ ಅವರು ಬರಬೇಕು, ಕರೆಂಟ್ ಹೋದ್ರೆ ಪಕ್ಕದ ಎಸ್ಟೇಟ್ ಜನರೇಟರೇ ಗತಿ. ಗಂಡ ಹೆಂಡತಿ ನಡುವೆ, ಅಣ್ಣತಮ್ಮಂದಿರ ಆಸ್ತಿ ವಿಷಯದಲ್ಲಿ ಸನ್ ತ್ಸು ಹೇಳ್ದ ಅಂತ ಮಾತು ಮುಚ್ಚಿಟ್ಟುಕೊಂಡು ಕೂತ್ರೆ ಗೆದ್ದೋರಿಗೂ ಮನೇಲಿ ಊಟ ರುಚಿಸಲ್ಲ. ಜೀವನಕ್ಕೂ ಇದೇ ನೀತಿ ಅಂತ ಆ ವಿಡಿಯೋದವರು ಹುಡುಗರಿಗೆ ಹೇಳ್ತಾರಲ್ಲ, ಅದು ನನಗೆ ನಿಜವಾಗ್ಲೂ ನೋವು ಕೊಡೋ ವಿಷಯ.

ನಮ್ಮ ರಸ್ತೇಲಿ ಒಂದು ಮಳೆಗಾಲ ಎಲ್ಲ ಹೋಂಸ್ಟೇಯವರೂ ರೂಮ್ ರೇಟ್ ಇಳಿಸ್ತಾ ಇಳಿಸ್ತಾ ಊಟದ ಖರ್ಚೂ ಹುಟ್ಟದ ಹಾಗಾಯ್ತು. ಆಮೇಲೆ ನಾವು ನಾಲ್ಕೈದು ಮನೆಯವರು ಕೂತು ಮಾತಾಡಿ, ನಮ್ಮಲ್ಲಿ ಫುಲ್ ಆದ್ರೆ ಪಕ್ಕದವರಿಗೆ ಕಳಿಸೋದು, ಅಡಿಗೆಯವರು ರಜ ಹಾಕಿದ್ರೆ ಒಬ್ಬರಿಗೊಬ್ಬರು ಆಗೋದು ಅಂತ ಮಾಡ್ಕೊಂಡ್ವಿ. ಒಬ್ಬರು ಟ್ರೆಕ್ಕಿಂಗ್‌ನವರನ್ನ ನೋಡ್ಕೊಳ್ತಾರೆ, ನಾವು ವಯಸ್ಸಾದೋರು ಮಕ್ಕಳು ಇರೋ ಫ್ಯಾಮಿಲಿ. ಸಾಮ ದಾನ ಭೇದ ದಂಡ ಅಂತ ನಮ್ಮೋರು ಸಾಮವನ್ನೇ ಮೊದಲು ಇಟ್ಟಿದ್ದಾರಲ್ವಾ. ಅಂಗಡಿ ಅಣ್ಣ, ಊರಲ್ಲಿ ಬೇರೆ ಪುಡಿ ಅಂಗಡಿಯವರೂ ಇದ್ದಾರಲ್ಲ, ಅವರ ಜೊತೆ ಮಾತಾಡಿದ್ರಾ? ಎಲ್ಲರೂ ಒಟ್ಟಿಗೆ ತೋಟದವರ ಹತ್ರ ಬೀಜ ತಗೊಂಡ್ರೆ ರೇಟಲ್ಲೂ ಸ್ವಲ್ಪ ಬಲ ಬರುತ್ತೆ. ನಮ್ಮ ಹೋಂಸ್ಟೇಗಳಿಗೂ ಇಲ್ಲೇ ಹುರಿದ ಪುಡಿ ಬೇಕು, ಗೆಸ್ಟ್ ಹೋಗುವಾಗ ಅರ್ಧ ಕೆಜಿ ಎಲ್ಲಿ ಸಿಗುತ್ತೆ ಅಂತ ಕೇಳೇ ಕೇಳ್ತಾರೆ.

ಇತಿಹಾಸ ಮೇಷ್ಟ್ರು ಹಾಸನ:
ಮೇಡಂ, ನಿಮ್ಮ ತಕರಾರು ನ್ಯಾಯವಾದದ್ದು, ಸಂಸಾರಕ್ಕೆ ಇದನ್ನ ತರಬಾರದು ಅನ್ನೋದನ್ನ ನಾನೂ ಒಪ್ತೀನಿ. ಆದ್ರೆ ಎದುರಾಳಿಯನ್ನ ನಾಶ ಮಾಡೋದು ಸನ್ ತ್ಸು ಗುರಿ ಅಲ್ಲ. ರಾಜ್ಯವನ್ನ ಇಡಿಯಾಗಿ ಉಳಿಸಿಕೊಳ್ಳೋದೇ ಉತ್ತಮ, ಹಾಳು ಮಾಡೋದು ಎರಡನೇ ದರ್ಜೆ ಅಂತ ಮೂರನೇ ಅಧ್ಯಾಯ ಶುರುವಾಗೋದೇ ಹಾಗೆ. ಸುತ್ತುವರಿದ ಸೈನ್ಯಕ್ಕೂ ಹೊರಗೆ ಹೋಗೋಕೆ ಒಂದು ದಾರಿ ಬಿಡು ಅಂತಾನೆ ಏಳನೇ ಅಧ್ಯಾಯದಲ್ಲಿ. ಹನ್ನೆರಡರಲ್ಲಿ ಸಿಟ್ಟಿನಿಂದ ಯುದ್ಧಕ್ಕೆ ಹೋಗಬೇಡ, ಸಿಟ್ಟು ಇಳಿದು ಮತ್ತೆ ಖುಷಿ ಬರಬಹುದು, ಆದ್ರೆ ಹಾಳಾದ ರಾಜ್ಯ ಮತ್ತೆ ಬರಲ್ಲ, ಸತ್ತವರು ಎದ್ದು ಬರಲ್ಲ ಅಂತಾನೆ. ನೀವು ನಾಲ್ಕೈದು ಮನೆ ಕೂತು ಮಾಡಿಕೊಂಡ ಒಪ್ಪಂದ ಇದೆಯಲ್ಲ, ಅವನಿಗೆ ಅದು ಖಂಡಿತ ಇಷ್ಟ ಆಗ್ತಿತ್ತು.

ಪುಡಿ ಅಂಗಡಿ ಚಿಕ್ಕಮಗಳೂರು:
ಎಲ್ಲರಿಗೂ ತುಂಬಾ ಧನ್ಯವಾದ, ರಾತ್ರಿ ಮನೆಯವಳಿಗೂ ಓದಿ ಹೇಳಿದೆ, ಚಿನ್ನದ ವಿಷಯ ಅಲ್ಲಿಗೇ ಕೈ ಬಿಟ್ವಿ. ಹೋಂಸ್ಟೇ ಅಕ್ಕ, ನಿಮಗೆ ಮೆಸೇಜ್ ಹಾಕಿದೀನಿ ನೋಡಿ. ಚಿಕ್ಕಮಗಳೂರು ಅರೇಬಿಕಾ ಕಾಫಿಗೆ 2019ರಲ್ಲೇ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದಿದೆ, ಅದನ್ನ ಪ್ಯಾಕೆಟ್ ಮೇಲೆ ಹಾಕಬೇಕಾದ್ರೆ ರಿಜಿಸ್ಟರ್ ಮಾಡಿಸ್ಕೋಬೇಕು, ಅದರ ಬಗ್ಗೆ ವಿಚಾರಿಸ್ತೀನಿ. ಚಿಕೋರಿ ಎಷ್ಟು ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆಸೋದು ಅಂತಲೂ ಇದೆ, ಕಾನೂನು ಪ್ರಕಾರ ಮಿಕ್ಸ್ ಪುಡೀಲಿ ನೂರಕ್ಕೆ 51ರಷ್ಟಾದ್ರೂ ಕಾಫಿ ಇರಲೇಬೇಕು, ಅಷ್ಟು ಇದ್ರೆ ಸಾಕು ಅಂತ ನಡೆಸೋರೂ ಇದ್ದಾರೆ, ಕಮ್ಮಿ ರೇಟ್ ಎಲ್ಲಿಂದ ಬರುತ್ತೆ ಅಂತ ಗಿರಾಕಿಗಳಿಗೆ ಗೊತ್ತಾಗಬೇಕು. ಕೊನೇದಾಗಿ ಒಂದು, ಹದಿಮೂರನೇ ಅಧ್ಯಾಯ ಪೂರ್ತಿ ಗೂಢಚಾರರ ಬಗ್ಗೆ ಇದೆಯಲ್ಲ, ಎದುರಿನವರ ಅಂಗಡಿಗೆ ಯಾರನ್ನಾದ್ರೂ ಕಳಿಸಿ ಒಳಗಿನ ವಿಷಯ ತಿಳ್ಕೊಳ್ಳೋದು ನನಗೆ ಮನಸ್ಸಿಗೆ ಒಪ್ಪಲ್ಲ. ಅದು ಬಿಟ್ಟು ಬೇರೆ ದಾರಿ ಇದೆಯಾ?

ಹಾಸನ ಮಂಡಿ:
ಐತೆ ಕಣಣ್ಣ, ಅವರ ಒಳಗಿನದು ನಿಮಗ್ಯಾಕೆ. ಆ ಅಧ್ಯಾಯದಲ್ಲಿ ನನಗೆ ಹಿಡಿಸಿದ್ದು ಮುಂದಾಗೋದನ್ನ ದೆವ್ವ ದೇವರ ಹತ್ರ ಕೇಳಿ ತಿಳ್ಕಣಕ್ಕಾಗಲ್ಲ, ವಿಷಯ ಗೊತ್ತಿರೋ ಮನುಷ್ಯರ ಹತ್ರನೇ ಕೇಳಬೇಕು ಅನ್ನೋ ಮಾತು. ನಿಮ್ಮ ಹತ್ರ ಬರೋದು ನಿಲ್ಲಿಸಿದ ಹಳೇ ಗಿರಾಕಿಗಳು ಇರ್ತಾರಲ್ಲ, ಅವರಿಗೆ ಒಂದು ಫೋನ್ ಹಾಕಿ ಯಾಕೆ ಬರ್ತಿಲ್ಲ ಅಂತ ಮುಚ್ಚುಮರೆ ಇಲ್ದೆ ಕೇಳಿ, ಪುಡಿ ಸಣ್ಣ ಆಯ್ತಾ, ಹುರಿದದ್ದು ಕಪ್ಪಾಯ್ತಾ, ಪಾರ್ಕಿಂಗ್ ಇಲ್ಲ ಅಂತನಾ. ಹೋಟೆಲ್ ಭಟ್ರು, ಮದುವೆ ಅಡಿಗೆಯವರು ದಿನಾ ಹತ್ತು ಥರದ ಪುಡಿ ಕಾಯಿಸ್ತಾರೆ, ಅವರಿಗಿಂತ ತಿಳ್ಕಂಡಿರೋರು ಯಾರವ್ರೆ. ಆಮೇಲೆ ನಿಮ್ಮ ಖಾತೆ ಪುಸ್ತಕ ತೆಗೆದು ಮನೆ ಗಿರಾಕಿಗೆ ತಿಂಗಳಿಗೆ ಎಷ್ಟು ಕೆಜಿ, ಹೋಟೆಲಿಗೆ ಎಷ್ಟು, ಟೂರಿಸ್ಟ್ ಎಷ್ಟು ಅಂತ ಬೇರೆ ಬೇರೆ ಮಾಡಿ ಇಲ್ಲಿ ಹಾಕಿ, ಎದುರಿನವರು ರೇಟ್ ಇಳಿಸಿದ್ರೆ ಅದರಲ್ಲಿ ಯಾವುದು ಅಲ್ಲಾಡ್ತದೆ ಯಾವುದು ಅಲ್ಲಾಡಲ್ಲ ಅಂತ ಕೂತು ನೋಡೋಣ.