ಬ್ರೋಷರ್‌ನಲ್ಲಿ 500, ಎಕ್ಸ್‌ಪ್ರೆಸ್‌ವೇನಲ್ಲಿ ಎಷ್ಟು?

ವಿಜಯನಗರ ಸೆಕೆಂಡ್ ಸ್ಟೇಜ್:
ಮೈಸೂರಿಂದ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರ್ತೀನಿ, ಅಲ್ಲಿ ಸಿಟಿ ಸುತ್ತಾಟ ಎಲ್ಲಾ ಸೇರಿ 300 ಕಿಮೀ ಅಂದ್ಕೊಳಿ. ಡೀಸೆಲ್ ಗಾಡಿ ಕೊಟ್ಟು ಈವಿ, ಅಂದ್ರೆ ಎಲೆಕ್ಟ್ರಿಕ್ ಕಾರ್, ತಗೊಳೋ ಪ್ಲಾನು. ಇನ್ನೂ ಲಾಂಚೇ ಆಗ್ದಿರೋ ಕಾರ್‌ಗೆ ಶೋರೂಮ್‌ನೋರು ದಿನಾ ಫೋನು, 55 ಯೂನಿಟ್ ಬ್ಯಾಟ್ರಿ, ಒಂದ್ ಸಲ ಫುಲ್ ಚಾರ್ಜ್ ಮಾಡಿದ್ರೆ 500 ಕಿಮೀ ಪ್ಲಸ್ ಬರುತ್ತೆ ಸಾರ್, ಈಗ್ಲೇ ಬುಕ್ ಮಾಡಿ ಅಂತ. ನಿಜವಾಗ್ಲೂ ಎಷ್ಟು ಬರ್ಬೋದು? ದಾರೀಲಿ ಚಾರ್ಜಿಗೆ ನಿಲ್ಲೋ ತಾಳ್ಮೆ ಇಲ್ಲ.

ಮಂಡ್ಯ ಗುತ್ತಲು ರೋಡ್:
ನಂದು 40 ಯೂನಿಟ್ ಬ್ಯಾಟ್ರಿ ಗಾಡಿ ಕಣಣ್ಣ, ಯಾವ್ ಕಂಪನಿ ಅಂತ ಕೇಳ್ಬೇಡಿ. ತಗೊಳೋವಾಗ 450 ಅಂದಿದ್ರು. ಹಳೇ ರೋಡಲ್ಲಿ ಮದ್ದೂರಿಗೆ 50-60ರಲ್ಲಿ ಹೋದ್ರೆ ಯೂನಿಟ್‌ಗೆ 8 ಕಿಮೀ ಕೊಡ್ತದೆ, ಅದೇ ಎಕ್ಸ್‌ಪ್ರೆಸ್‌ವೇ ಹತ್ತಿ ಏಸಿ ಹಾಕಿ 95-100 ಹಿಡಿದ್ರೆ ಐದೂಮುಕ್ಕಾಲು, ಲೆಕ್ಕ ಹಾಕಿ, 230.

ಕುವೆಂಪುನಗರ ಮೇಷ್ಟ್ರು:
ಕಂಪನಿ ಸುಳ್ಳು ಹೇಳ್ತಿಲ್ಲ, ಪರೀಕ್ಷೆನೇ ಸುಲಭದ್ದು. ನಮ್ಮ ದೇಶದ ಎಂಐಡಿಸಿ ಅನ್ನೋ ರೇಂಜ್ ಟೆಸ್ಟಲ್ಲಿ ಕಾರನ್ನ ಲ್ಯಾಬಲ್ಲಿ ರೋಲರ್ ಮೇಲೆ ಓಡಿಸ್ತಾರೆ. ಪಾರ್ಟ್ 1 ಅನ್ನೋದು ಸಿಟಿ ಓಡಾಟ, ಗರಿಷ್ಠ 50 ಸ್ಪೀಡು, ಪಾರ್ಟ್ 2ರಲ್ಲೂ 90 ದಾಟಲ್ಲ. ಮೊದ್ಲು ಪಾರ್ಟ್ 1ರ ನಂಬರ್ ಮಾತ್ರ ಜಾಹೀರಾತಲ್ಲಿ ಇರ್ತಿತ್ತು. ಟಾಟಾ ಕರ್ವ್ ಈವಿ 55 ಯೂನಿಟ್ ಮಾಡೆಲ್ ನೋಡಿ: ಪಾರ್ಟ್ 1ಕ್ಕೆ 585, ಎರಡೂ ಸೇರಿ 502, ರಸ್ತೇಲಿ 400-425 ಅಂತ ಕಂಪನೀನೇ ಹೇಳಿದೆ. ಒಂದೇ ಕಾರು, ಒಂದೇ ಬ್ಯಾಟ್ರಿ! ಅದ್ರ ಮೇಲೆ ಗಾಳಿ ಬೇರೆ. 80ರಿಂದ 100ಕ್ಕೆ ಹೋದ್ರೆ ಸ್ಪೀಡ್ ಏರೋದು ಕಾಲು ಭಾಗ, ಗಾಳಿಯ ತಡೆ ಏರೋದು ಒಂದೂವರೆ ಪಟ್ಟಿಗಿಂತ ಜಾಸ್ತಿ. ನಿಮ್ದು ಯೂನಿಟ್‌ಗೆ 6 ಅಂತ ಹಿಡೀರಿ, 300ಕ್ಕೆ 50 ಯೂನಿಟ್ ಬೇಕು. 55ರ ಬ್ಯಾಟ್ರೀಲಿ ಹೋದ್ರೆ ಶ್ರೀರಂಗಪಟ್ಟಣ ದಾಟೋವಾಗ ಪರ್ಸೆಂಟೇಜ್ ನೋಡ್ತಾ ಬೆವರ್ತೀರ. 60ರ ಮೇಲಿನದ್ದು ತಗೊಳಿ, ಇಲ್ಲಾ ಬೆಂಗಳೂರಲ್ಲಿ ಕೆಲ್ಸ ಮುಗಿಯೋವರ್ಗೂ ಎಲ್ಲಾದ್ರೂ ಪ್ಲಗ್ ಹಾಕಿ ಬಿಡಿ.

ವಿಜಯನಗರ ಸೆಕೆಂಡ್ ಸ್ಟೇಜ್:
ಬೆಂಗಳೂರು ಎತ್ತರದಲ್ಲಿದೆಯಲ್ಲ, ಹೋಗೋವಾಗ ಜಾಸ್ತಿ ಕುಡಿಯಲ್ವಾ ಮೇಷ್ಟ್ರೇ?

ಕುವೆಂಪುನಗರ ಮೇಷ್ಟ್ರು:
ನೂರೈವತ್ತು ಮೀಟರ್ ಆಸುಪಾಸು ಅಷ್ಟೇ, ಒಂದು ಯೂನಿಟ್ಟೂ ಆಗಲ್ಲ. ಊಟಿ ಬೇರೆ ಕಥೆ, ಒಂದೂವರೆ ಸಾವಿರ ಮೀಟರ್ ಹತ್ರ ಹತ್ತಬೇಕು, ಅದಕ್ಕೇ ಏಳು ಯೂನಿಟ್ ಎಕ್ಸ್‌ಟ್ರಾ. ಇಳಿಯೋವಾಗ ರೀಜೆನ್‌ನಲ್ಲಿ, ಅಂದ್ರೆ ವೇಗ ತಗ್ಗಿಸೋವಾಗ ಮೋಟರೇ ಬ್ಯಾಟ್ರಿ ತುಂಬ್ಸೋದ್ರಲ್ಲಿ, ಒಂದಷ್ಟು ವಾಪಸ್ ಬರುತ್ತೆ ಅನ್ನಿ.

ಮಂಡ್ಯ ಗುತ್ತಲು ರೋಡ್:
ಇನ್ನೊಂದ್ ಮರ್ತಿದ್ದೆ, ಬ್ಯಾಟ್ರಿಗೆ 40 ತುಂಬ್ಸಕ್ಕೆ ಮನೆ ಮೀಟ್ರು 45 ಓಡ್ತದೆ, ಚಾರ್ಜ್ ಆಗೋವಾಗ ಲಾಸ್ ಇರ್ತದಲ್ಲ. ಖರ್ಚು ಲೆಕ್ಕ ಹಾಕೋವಾಗ ಡ್ಯಾಶ್‌ಬೋರ್ಡ್ ನಂಬ್ಬೇಡಿ, ಕರೆಂಟ್ ಬಿಲ್ ನೋಡಿ.

ವಿಜಯನಗರ ಸೆಕೆಂಡ್ ಸ್ಟೇಜ್:
ಶೋರೂಮ್ ಹುಡ್ಗ ಈಗ ಮತ್ತೆ ಫೋನ್ ಮಾಡಿದ್ದ. 500ರಲ್ಲಿ ಪಾರ್ಟ್ 2 ಸೇರಿದ್ಯೇನಪ್ಪಾ ಅಂದೆ. "ಎಲ್ಲಾ ಪಾರ್ಟ್ಸೂ ಒರಿಜಿನಲ್ಲೇ ಸಾರ್, ಕಂಪನಿದೇ" ಅಂದ.