ಗುಂಡನ ಮಾಡ್ಯೂಲ್ ಕಾಯುತ್ತಾ ಕೂತರೆ

“ನಾನೊಬ್ಬನೇ ಬಳಸಿದರೆ ಗಾಳಿ ಥರ ಓಡುತ್ತೆ. ಐವತ್ತು ಜನ ಒಟ್ಟಿಗೆ ಬಂದರೆ ಮುಷ್ಕರ ಹೂಡುತ್ತೆ” ಎಂದ ಗುಂಡ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ಗೆ ಅವನೇ ಸಿ ಭಾಷೆಯಲ್ಲಿ ಒಂದು ಮಾಡ್ಯೂಲ್ ಬರೆದಿದ್ದ.

“ಹಾಗಾದರೆ ನೀನೊಬ್ಬನೇ ಬಳಸು” ಎಂದಳು ಪುಟ್ಟಿ. “ಸಮಸ್ಯೆ ಮುಗೀತಲ್ಲ.”

ರಾಯರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಯಾರದೋ ಕೋಡ್‌ಗೆ ಗ್ರಹಚಾರ ಕಾದಿದೆ ಎಂದೇ ಲೆಕ್ಕ. “ರಿಕ್ವೆಸ್ಟ್ ಬಂದಾಗ ಓಡೋ ಫಂಕ್ಷನ್, ಆ ಹ್ಯಾಂಡ್ಲರ್ ಒಳಗೆ ಏನಿಟ್ಟಿದ್ದೀಯ?”

“ಏನಿಲ್ಲ ರಾಯರೇ. ಡೇಟಾಬೇಸ್‌ಗೆ ಒಂದು ಕ್ವೆರಿ ಕಳಿಸ್ತೀನಿ. ಉತ್ತರಕ್ಕೆ 200 ಮಿಲಿಸೆಕೆಂಡ್ ಬೇಕು. ಬಂದ ಮೇಲೆ ಮುಂದಕ್ಕೆ ಕೊಡ್ತೀನಿ.”

“ಬರೋವರೆಗೆ?”

“ಕಾಯ್ತೀನಿ. ಮರ್ಯಾದಸ್ಥರು ಹಾಗೇ ಅಲ್ವಾ ಮಾಡೋದು?”

ಎಡವಟ್ಟು ಇದ್ದದ್ದೇ ಅಲ್ಲಿ. ಎಂಜಿನ್‌ಎಕ್ಸ್‌ನ ಒಂದು ವರ್ಕರ್, ಅಂದರೆ ಕೆಲಸ ಮಾಡುವ ಪ್ರೊಸೆಸ್, ಸಾವಿರಾರು ಕನೆಕ್ಷನ್ ನೋಡಿಕೊಳ್ಳುತ್ತೆ ನಿಜ. ಆದರೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ. ಯಾವ ಸಾಕೆಟ್‌ಗೆ (ಕನೆಕ್ಷನ್‌ನ ತುದಿಗೆ) ಡೇಟಾ ಬಂತು ಎಂದು ಲಿನಕ್ಸ್‌ನ ಇಪೋಲ್ ಎಂಬ ಸೌಲಭ್ಯ ಹೇಳುತ್ತೆ. ವರ್ಕರ್ ಅದರ ಚೂರು ಕೆಲಸ ಮುಗಿಸಿ ಇನ್ನೊಂದಕ್ಕೆ ಹಾರುತ್ತೆ. ಗುಂಡ ಆ ದಾರಿಗೆ ಅಡ್ಡ ನಿಂತು ಉತ್ತರಕ್ಕೆ ಕಾದರೆ, ಹಿಂದಿನ ಅಷ್ಟೂ ಕನೆಕ್ಷನ್ ಅವನ ಬೆನ್ನು ನೋಡುತ್ತಾ ನಿಲ್ಲಬೇಕು.

ಪುಟ್ಟಿ ಲೆಕ್ಕ ಹಾಕಿದಳು. “ಒಂದಕ್ಕೆ 200 ಮಿಲಿಸೆಕೆಂಡ್ ಅಂದರೆ ವರ್ಕರ್‌ಗೆ ಸೆಕೆಂಡಿಗೆ ಐದು ರಿಕ್ವೆಸ್ಟ್. ನಾಲ್ಕು ವರ್ಕರ್‌ಗೆ ಇಪ್ಪತ್ತು. ನಿನ್ನ ಐವತ್ತು ಜನ ಯಾಕೆ ಒದ್ದಾಡಿದರು ಗೊತ್ತಾಯ್ತಾ?”

“ಆದರೆ ಸಿಪಿಯು ತಣ್ಣಗಿತ್ತು!”

“ತಣ್ಣಗಿರದೆ ಇನ್ನೇನು? ಅದೂ ನಿನ್ನ ಜೊತೆ ಸುಮ್ನೆ ಕೂತಿತ್ತು.”

ಗುಂಡ ಸೋಲುವ ಪೈಕಿ ಅಲ್ಲ. “ಸರಿ, ವರ್ಕರ್‌ಗಳನ್ನೇ ಜಾಸ್ತಿ ಮಾಡ್ತೀನಿ. ಒಂದು ಸಾವಿರ ಇರಲಿ.”

“ಆಗ ಅದು ಅಪಾಚೆ ವೆಬ್ ಸರ್ವರ್‌ನ ಹಳೇ ಪ್ರಿಫೋರ್ಕ್ ವಿಧಾನ ಆಗುತ್ತೆ” ಎಂದರು ರಾಯರು. “ಒಂದು ಕನೆಕ್ಷನ್‌ಗೆ ಒಂದು ಪ್ರೊಸೆಸ್. ಆ ಕಷ್ಟ ನೋಡಿಯೇ 1999ರಲ್ಲಿ ಡ್ಯಾನ್ ಕೆಗೆಲ್ ‘ಸಿ10ಕೆ’ ಅಂತ ಹೆಸರಿಟ್ಟು ಕೇಳಿದ್ದು, ಒಂದೇ ಯಂತ್ರ ಹತ್ತು ಸಾವಿರ ಜನರನ್ನ ಒಟ್ಟಿಗೆ ಯಾಕೆ ನೋಡಿಕೊಳ್ಳಬಾರದು ಅಂತ. ಇಗೊರ್ ಸಿಸೋಯೆವ್ 2002ರಲ್ಲಿ ಎಂಜಿನ್‌ಎಕ್ಸ್ ಶುರು ಮಾಡಿದರು, 2004ರಲ್ಲಿ ಜನರ ಕೈಗೆ ಕೊಟ್ಟರು. ನೀನು ಒಂದು ಮಧ್ಯಾಹ್ನದಲ್ಲಿ ಅದನ್ನ ಮತ್ತೆ ತೊಂಬತ್ತರ ದಶಕಕ್ಕೆ ಕಳಿಸಿಬಿಟ್ಟೆ.”

“ಥ್ರೆಡ್ ಹಾಕಿದರೆ? ಹತ್ತು ಸಾವಿರ?”

“ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಒಂದಕ್ಕೆ 8 ಎಂಬಿ ಸ್ಟ್ಯಾಕ್, ಅಂದರೆ ಅದರ ಕೆಲಸದ ಮೆಮೊರಿ ಜಾಗ. ಹತ್ತು ಸಾವಿರಕ್ಕೆ 80 ಜಿಬಿ” ಎಂದೆ ನಾನು, ದೊಡ್ಡ ಪಂಡಿತನ ಹಾಗೆ.

“ಅದು ಬರೀ ವಿಳಾಸ ಕಾದಿರಿಸೋದು. ಅದರಲ್ಲಿ ಮುಟ್ಟಿದ ಪುಟಕ್ಕೆ, ಅಂದರೆ ಬಳಸಿದ ತುಂಡಿಗೆ ಮಾತ್ರ ನಿಜವಾದ ಮೆಮೊರಿ” ಎಂದು ಪುಟ್ಟಿ ಗಾಳಿ ತೆಗೆದಳು. “ಭಯಪಡಿಸೋದಿದ್ದರೆ ಸರಿಯಾಗಿ ಭಯಪಡಿಸು.”

ರಾಯರು ದಾರಿ ಹೇಳಿಕೊಟ್ಟರು. ಕ್ವೆರಿ ಕಳಿಸು. ರಿಕ್ವೆಸ್ಟ್ ಇನ್ನೂ ಎಷ್ಟು ಕಡೆ ಬೇಕು ಅನ್ನೋ ಲೆಕ್ಕ, ಅದರ ಕೌಂಟ್, ಒಂದು ಏರಿಸು. ‘ಡನ್’ ಅಂತ ಹೇಳಿ ಹ್ಯಾಂಡ್ಲರ್‌ನಿಂದ ಹೊರಗೆ ಬಾ. ಉತ್ತರ ಬಂದಾಗ ಯಾವ ಫಂಕ್ಷನ್ ಕರೆಯಬೇಕು ಅಂತ ಮೊದಲೇ ಬರೆದಿಟ್ಟಿರು. ಅಲ್ಲಿ ಜವಾಬು ಕಳಿಸಿ ಫೈನಲೈಸ್ ಮಾಡು, ಕೌಂಟ್ ಇಳಿಯುತ್ತೆ.

“ಕೌಂಟ್ ಯಾಕೆ?”

“ಏರಿಸದಿದ್ದರೆ ಕೆಲಸ ಮುಗೀತು ಅಂತ ತಿಳಿದು ಎಂಜಿನ್‌ಎಕ್ಸ್ ರಿಕ್ವೆಸ್ಟ್‌ಗೆಂದೇ ಇಟ್ಟ ಮೆಮೊರಿ, ಆ ಪೂಲ್ ಅನ್ನೇ ಬಿಡುಗಡೆ ಮಾಡುತ್ತೆ. ಆಮೇಲೆ ಉತ್ತರ ಬರುತ್ತೆ. ನೀನು ಸತ್ತ ರಿಕ್ವೆಸ್ಟ್ ಮೇಲೆ ಬರೀತೀಯ. ಸೆಗ್‌ಫಾಲ್ಟ್, ವರ್ಕರ್ ಅಲ್ಲೇ ಬೀಳುತ್ತೆ. ಏರಿಸಿ ಇಳಿಸೋದು ಮರೆತರೆ ಉಲ್ಟಾ, ಆ ರಿಕ್ವೆಸ್ಟ್‌ಗೆ ಸಾವೇ ಇಲ್ಲ.”

“ಎರಡೂ ಕೆಟ್ಟದ್ದೇ?”

“ಮೊದಲನೇದು ಒಳ್ಳೇದು. ಸದ್ದು ಮಾಡಿ ಸಾಯುತ್ತೆ.”

ಇದರಲ್ಲಿ ನನ್ನ ಓಟು ಕೂಡ ಸೆಗ್‌ಫಾಲ್ಟ್‌ಗೇ. ಮೆಮೊರಿ ನಿಧಾನಕ್ಕೆ ಸೋರುವ ಸರ್ವರ್ ವಾರಗಟ್ಟಲೆ ನಗುನಗುತ್ತಾ ಇರುತ್ತೆ, ನಮ್ಮ ರಜೆಯ ದಿನ ನೋಡಿ ಬೀಳುತ್ತೆ.

“ನಡುವೆ ಬಳಕೆದಾರ ಟ್ಯಾಬ್ ಮುಚ್ಚಿ ಹೋದರೆ?” ಎಂದು ಪುಟ್ಟಿ ಕೆದಕಿದಳು.

“ಅದಕ್ಕೇ ಕ್ಲೀನಪ್ ಹ್ಯಾಂಡ್ಲರ್. ಪೂಲ್ ಹೋಗೋ ಮುಂಚೆ ನಿನ್ನ ಟೈಮರ್ ಕಿತ್ತುಹಾಕು, ಡೇಟಾಬೇಸ್ ಕನೆಕ್ಷನ್ ಬಿಡು. ಇಲ್ಲದಿದ್ದರೆ ಟೈಮರ್ ಬಂದು ಖಾಲಿ ಮನೆಯ ಬಾಗಿಲು ತಟ್ಟುತ್ತೆ.”

ಗುಂಡ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ: “ಬಳಕೆದಾರರ ಹೆಸರನ್ನ ಸ್ಟ್ಯಾಟಿಕ್ ಬಫರ್‌ನಲ್ಲಿ, ಎಲ್ಲ ರಿಕ್ವೆಸ್ಟ್‌ಗೂ ಒಂದೇ ಜಾಗದಲ್ಲಿ ಇಟ್ಟರೆ ಏನೂ ಆಗಲ್ಲ ತಾನೇ? ಒಂದೇ ಥ್ರೆಡ್, ಒಬ್ಬರನ್ನೊಬ್ಬರು ತಡೆಯೋ ಲಾಕ್ ಬೇಡವಲ್ಲ.”

ಕುಂಬಳಕಾಯಿ ಕಳ್ಳ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡಿಕೊಂಡ ಎಂದರೆ ಇದೇ. ರಾಯರು ಮತ್ತೆ ಕನ್ನಡಕ ತೆಗೆದರು.

“ಈಗ ಏನೂ ಆಗಲ್ಲ, ನೀನು ಯಾರನ್ನೂ ಒಳಗೆ ಬಿಡ್ತಾ ಇಲ್ಲವಲ್ಲ. ಕಾಯೋದು ಬಿಟ್ಟ ದಿನ ನೋಡು. ಮೊದಲನೆಯವನ ಹೆಸರು ಬಫರ್‌ಗೆ ಹಾಕಿ ಹೊರಗೆ ಬರ್ತೀಯ. ಅಷ್ಟರಲ್ಲಿ ಎರಡನೆಯವನು ಬಂದು ಅದರ ಮೇಲೇ ತನ್ನ ಹೆಸರು ಬರೀತಾನೆ. ಮೊದಲನೆಯವನಿಗೆ ‘ಸ್ವಾಗತ’ ಹೋಗುತ್ತೆ, ಎರಡನೆಯವನ ಹೆಸರಲ್ಲಿ.”

“ಪರಿಚಯ ಬೆಳೆಯುತ್ತೆ ಬಿಡಿ” ಎಂದ ಗುಂಡ.

“ಬ್ಯಾಲೆನ್ಸ್ ತೋರಿಸೋ ಪುಟದಲ್ಲೂ ಬೆಳೆಯಲಿ” ಎಂದಳು ಪುಟ್ಟಿ. ಹಾಗಾಗಿ ಹೆಸರು ರಿಕ್ವೆಸ್ಟ್‌ನ ಪೂಲ್‌ನಲ್ಲೇ ಇರಬೇಕೆಂದು ತೀರ್ಮಾನವಾಯಿತು.

“ಸಿ ಭಾಷೆಯೇ ಬೇಡ” ಎಂದ ಗುಂಡ. “ಎಂಜಿನ್‌ಎಕ್ಸ್ ಮೇಲೆ ಕಟ್ಟಿದ ಓಪನ್‌ರೆಸ್ಟಿ ಹಾಕಿ ಲುವಾ ಭಾಷೆಯಲ್ಲಿ ಬರೀತೀನಿ. ಅಲ್ಲಿ ನೇರವಾಗಿ ಸಾಲು ಸಾಲು ಬರೆದರೆ ಸಾಕಂತೆ.”

“ಅದರದೇ ಸಾಕೆಟ್, ಕೋಸಾಕೆಟ್ ಬಳಸಿದರೆ ಸಾಕು. ಕಾಯೋ ಜಾಗದಲ್ಲಿ ಕೊರೂಟೀನ್, ಅಂದರೆ ನಡುವೆ ನಿಲ್ಲಿಸಿ ಮುಂದುವರಿಸಬಹುದಾದ ಆ ಕೋಡ್, ತಾನೇ ಬದಿಗೆ ಸರಿಯುತ್ತೆ. ಅದರ ಬದಲು ಮಾಮೂಲಿ ಲುವಾ ಸಾಕೆಟ್ ಲೈಬ್ರರಿ ಹಾಕಿದೆ ಅನ್ನು, ಮತ್ತೆ ವರ್ಕರ್ ನಿಂತಿತು.”

“ಫೈಲ್ ಓದೋಕೆ ಇಪೋಲ್‌ಗೇ ಕೊಡಲಾ?”

“ಡಿಸ್ಕ್‌ನ ಮಾಮೂಲಿ ಫೈಲನ್ನ ಅದು ತಗೊಳ್ಳೋದೇ ಇಲ್ಲ. ಅದಕ್ಕೇ ಎಂಜಿನ್‌ಎಕ್ಸ್‌ನಲ್ಲಿ 2015ರಲ್ಲಿ ಥ್ರೆಡ್ ಪೂಲ್, ಅಂದರೆ ಬದಿಯಲ್ಲಿ ಕೆಲಸ ಮಾಡೋ ಥ್ರೆಡ್‌ಗಳ ಗುಂಪು ಬಂತು, ಆವೃತ್ತಿ 1.7.11ರಲ್ಲಿ. ಭಾರದ ಓದನ್ನ ಅಲ್ಲಿಗೆ ತಳ್ಳು.”

ಇಷ್ಟಾದ ಮೇಲೂ ಗುಂಡನ ಜೇಬಲ್ಲಿ ಒಂದು ದೂರು ಉಳಿದಿತ್ತು. “ಡೇಟಾಬೇಸ್ ಇಲ್ಲದೆ ಬರೀ ಖಾಲಿ ಕನೆಕ್ಷನ್ ಟೆಸ್ಟ್ ಮಾಡಿದೆ. ಮಿತಿಗಳನ್ನೆಲ್ಲ ಲಕ್ಷಕ್ಕೆ ಏರಿಸಿದ್ದೆ. 28 ಸಾವಿರದ ಹತ್ತಿರ ನಿಂತುಬಿಡ್ತು. ಸರ್ವರ್‌ಗೆ ಅಷ್ಟೇ ಶಕ್ತಿ.”

“ಎಷ್ಟು ಯಂತ್ರದಿಂದ ಹೊಡೆದೆ?”

“ಒಂದೇ. ಯಾಕೆ?”

“ಹೊಡೆಯೋ ಯಂತ್ರಕ್ಕೂ ಒಂದೊಂದು ಕನೆಕ್ಷನ್‌ಗೆ ಒಂದು ಪೋರ್ಟ್ ಸಂಖ್ಯೆ ಬೇಕಲ್ಲಪ್ಪಾ. ಲಿನಕ್ಸ್ ಸಾಮಾನ್ಯವಾಗಿ 32768ರಿಂದ 60999ರವರೆಗೆ ಕೊಡುತ್ತೆ. ಕಳೆದು ನೋಡು.”

ಗುಂಡ ಫೋನಿನಲ್ಲಿ ಕಳೆದ. ಮುಖ ಅರಳಿತು. “ಅಂದರೆ ಸುಸ್ತಾಗಿದ್ದು ಟೆಸ್ಟ್ ಮಾಡಿದ ಯಂತ್ರ! ನನ್ನ ಸರ್ವರ್ ಗೆದ್ದಿದೆ!”

“ಗೆದ್ದಿದೆ” ಎಂದಳು ಪುಟ್ಟಿ. “ಅದರಲ್ಲಿ ನಿನ್ನ ಕೋಡ್ ಇರಲಿಲ್ಲವಲ್ಲ.”