ಮರೆವು ಕಾಣಿಸುವ ಮೊದಲೇ ಮಿದುಳಿನಲ್ಲಿ ಏನಾಗುತ್ತದೆ?

ಪ್ರಶ್ನೆ: 72 ವರ್ಷದ ನಮ್ಮ ತಾಯಿಯವರು ಬಾಲ್ಯದ ಸಂಗತಿಗಳನ್ನು ಸ್ಪಷ್ಟವಾಗಿ ಹೇಳುತ್ತಾರೆ, ಆದರೆ ಬೆಳಿಗ್ಗೆ ಕೇಳಿದ ಪ್ರಶ್ನೆಯನ್ನೇ ಮಧ್ಯಾಹ್ನದೊಳಗೆ ಮೂರು ನಾಲ್ಕು ಸಲ ಕೇಳುತ್ತಾರೆ. ಇದು ವಯಸ್ಸಿನ ಮರೆವೋ, ಆಲ್ಝೈಮರ್ ಕಾಯಿಲೆಯ ಮುನ್ಸೂಚನೆಯೋ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಿಮ್ಮ ಆತಂಕ ಸಹಜ. ಈ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ಶೇಖರವಾಗತೊಡಗುವುದು ಮರೆವು ಕಾಣಿಸಿಕೊಳ್ಳುವುದಕ್ಕೆ ಸುಮಾರು 15ರಿಂದ 20 ವರ್ಷ ಮೊದಲೇ. ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳು ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಮತ್ತು ಅದಕ್ಕೆ ಅಂಟಿಕೊಂಡಿರುವ ಎಂಟೊರೈನಲ್ ಭಾಗವನ್ನು ಮೊದಲಿಗೆ ಆವರಿಸುತ್ತವೆ. ಹೊಸ ನೆನಪುಗಳು ಅಚ್ಚೊತ್ತುವುದು ಈ ಭಾಗಗಳ ಮೂಲಕವೇ ಆದ್ದರಿಂದ, ಹಳೆಯದು ಉಳಿದು ಇಂದಿನದು ಜಾರಿಹೋಗುತ್ತದೆ. ಆದರೂ ಇಷ್ಟರಿಂದಲೇ ಕಾಯಿಲೆಯೆಂದು ತೀರ್ಮಾನಿಸಬೇಡಿ. ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಚುರುಕಾಗಿದ್ದ ಹಿರಿಯರಿದ್ದಾರೆ.

ಉತ್ತರ 2: ಮೊದಲು ಬಿ12 ಕೊರತೆ, ಥೈರಾಯ್ಡ್, ಖಿನ್ನತೆ ಹಾಗೂ ನಿದ್ರೆ ಮಾತ್ರೆಗಳ ಪರಿಣಾಮವನ್ನು ಪರೀಕ್ಷಿಸಿಕೊಳ್ಳಿ, ಇವುಗಳಿಂದಾದ ಮರೆವು ಎಷ್ಟೋ ಸಲ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ. ನಮ್ಮ ತಂದೆಯವರ ಕಿವಿ ಮಂದವಾಗಿದ್ದುದನ್ನೇ ನಾವು ಬಹುಕಾಲ ಮರೆವೆಂದು ತಿಳಿದಿದ್ದೆವು.

ಉತ್ತರ 3: ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು ಮತ್ತು ಮಿದುಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ದೀರ್ಘಕಾಲ ಗಮನಿಸುವ ಅಧ್ಯಯನ ನಡೆಸುತ್ತಿದೆ. ನಮ್ಮದೇ ಹಳ್ಳಿಗಳ ಹಿರಿಯರಿಂದ ದೊರೆಯುವ ಈ ಮಾಹಿತಿ ನನಗೆ ಅತ್ಯಮೂಲ್ಯವೆನಿಸುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಈ ವಾರವೇ ಅಮ್ಮನನ್ನು ನರರೋಗ ತಜ್ಞರ ಬಳಿ ಕರೆದೊಯ್ಯುತ್ತೇನೆ.